ನಸುಗುನ್ನಿ ಪುಡಿಯಿಂದ ಪಾರ್ಕಿನ್ಸನ್ ವಾಸಿಯಾಗುತ್ತದೆಯೇ?

‘ನಸುಗುನ್ನಿ ಬೀಜದ ಪುಡಿ ತಿನ್ನಿ, ಪಾರ್ಕಿನ್ಸನ್ ಮಾತ್ರೆ ಬಿಡಿ’ ಎಂಬ ಸಂದೇಶ ನಿಮಗೂ ಬಂದಿದೆಯೇ? ಬಿಣಗಾದಂಥ ಕರಾವಳಿ ಊರುಗಳಲ್ಲಿ, ತಾಗಿದರೆ ಮೈ ತುರಿಸುವ ಈ ಬಳ್ಳಿ ಯಾರಿಗೆ ಗೊತ್ತಿಲ್ಲ?

ಸಂದೇಶದಲ್ಲಿರುವುದು ಅರ್ಧ ಸತ್ಯ. ಪಾರ್ಕಿನ್ಸನ್‌ನಲ್ಲಿ ಡೋಪಮೈನ್ ತಯಾರಿಸುವ ಮೆದುಳಿನ ಕೋಶಗಳು ಕ್ರಮೇಣ ನಾಶವಾಗುತ್ತವೆ. ಚಲನೆ ನಿಧಾನವಾಗುತ್ತದೆ, ಮೈ ಬಿಗಿಯುತ್ತದೆ, ಹಲವರಿಗೆ ಸುಮ್ಮನೆ ಕೂತಾಗ ಕೈ ನಡುಗುತ್ತದೆ. ಮೆದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾ ನಸುಗುನ್ನಿ ಬೀಜದಲ್ಲಿದೆ. ಇದು 1937ರಲ್ಲೇ ಪತ್ತೆಯಾಗಿತ್ತು. ವೈದ್ಯರು ಕೊಡುವ ಮಾತ್ರೆಯಲ್ಲೂ ಇರುವುದು ಅದೇ.

ಹಾಗಾದರೆ ಅಪಾಯವೆಲ್ಲಿ? ಪುಡಿಯಲ್ಲಿ ಲೆವೊಡೋಪಾ ಎಷ್ಟಿದೆ ಎಂಬ ಖಾತ್ರಿಯಿಲ್ಲ. ಮಾತ್ರೆಯ ಜೊತೆ ಪುಡಿಯನ್ನೂ ತಿಂದರೆ ಡೋಸ್ ಹೆಚ್ಚಾಗಿ ವಾಂತಿ, ಭ್ರಮೆ, ರಕ್ತದೊತ್ತಡ ಕುಸಿತ ಉಂಟಾಗಬಹುದು. ಮಾತ್ರೆಯನ್ನು ದಿಢೀರನೆ ನಿಲ್ಲಿಸಿದರೆ ಜ್ವರ ಬಂದು, ಮೈ ಸೆಟೆದು ಪ್ರಾಣಕ್ಕೇ ಕುತ್ತಾಗಬಹುದು.

ಏನು ಮಾಡಬೇಕು?

• ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗಿ.
• ಮೀನೂಟ ಬಿಡಬೇಕಿಲ್ಲ. ಆದರೆ ಪ್ರೋಟೀನ್ ಔಷಧಕ್ಕೆ ಅಡ್ಡಿಯಾಗಬಹುದು. ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲೇ ಮಾತ್ರೆ ತೆಗೆದುಕೊಳ್ಳುವುದು ಒಳ್ಳೆಯದು.
• ದಿನವೂ ನಡೆಯಿರಿ, ವ್ಯಾಯಾಮ ಮಾಡಿ.
• ನಡುಕವೆಲ್ಲ ಪಾರ್ಕಿನ್ಸನ್ ಅಲ್ಲ, ನರರೋಗ ತಜ್ಞರಿಗೆ ತೋರಿಸಿ.

ಈ ಕಾಯಿಲೆಯನ್ನು ಪೂರ್ತಿ ವಾಸಿಮಾಡುವ ಮದ್ದು ಇನ್ನೂ ಇಲ್ಲ. ಆದರೆ ಹತೋಟಿಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಚೆನ್ನಾಗಿ ಬಾಳಬಹುದು. ‘ಮಾತ್ರೆ ಬಿಡಿ’ ಎನ್ನುವ ಸಂದೇಶವನ್ನು ಮಾತ್ರ ಮುಂದೆ ಕಳಿಸಬೇಡಿ.