ಗೋವೆಯ ಬಾಗಿಲು ತೆರೆದ ಹೊನ್ನಾವರದ ತಿಮ್ಮಯ್ಯ

ಭಟ್ಕಳದ ಪಕ್ಕದ ಮುಟ್ಟಳ್ಳಿಯಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಹೊನ್ನಾವರದ ಶರಾವತಿ ಸೇತುವೆ ಸಿಗುತ್ತದೆ. ಎಡಕ್ಕೆ ಅಳಿವೆ. ಐನೂರು ವರ್ಷಗಳ ಹಿಂದೆ ಇಲ್ಲಿ ಹಡಗುಪಡೆ ಕಟ್ಟಿಕೊಂಡಿದ್ದವನು ತಿಮ್ಮಯ್ಯ. ಪೋರ್ಚುಗೀಸರ ಬರಹಗಳಲ್ಲಿ ಅವನು ತಿಮೋಜ.

ಅವನ ಬಲ ತಿಳಿಯಬೇಕಾದರೆ ಕುದುರೆಯ ಬೆಲೆ ತಿಳಿಯಬೇಕು. ವಿಜಯನಗರದ ದಂಡಿಗೆ ಬೇಕಾದ ಕುದುರೆಗಳು ಹೋರ್ಮುಜ್, ಏಡನ್‌ಗಳಿಂದ ಸಮುದ್ರ ದಾಟಿ ಬರಬೇಕಿತ್ತು. ದಾರಿಯಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಅಲ್ಲಿನ ಅರಸ ಸಾಳುವ ನರಸಿಂಹ ಪೂರ್ತಿ ಹಣ ಕೊಡುತ್ತಿದ್ದನಂತೆ. ಹೀಗೆ ಬರೆದ ಪೋರ್ಚುಗೀಸ ನೂನಿಜ್ ಸ್ವತಃ ಕುದುರೆ ವ್ಯಾಪಾರಿ. ಭಟ್ಕಳ, ಹೊನ್ನಾವರಗಳಲ್ಲಿ ಇಳಿದ ಕುದುರೆ ಘಟ್ಟ ಹತ್ತಿ ವಿಜಯನಗರ ಸೇರುತ್ತಿತ್ತು. ಗೋವೆಯಲ್ಲಿ ಇಳಿದದ್ದು ವಿಜಯನಗರದ ಎದುರಾಳಿಗಳಿಗೆ: ಮೊದಲು ಬಹಮನಿಗಳಿಗೆ, ಆಮೇಲೆ ಬಿಜಾಪುರಕ್ಕೆ. ಗೋವೆಗೆ ಹೊರಟ ಹಡಗುಗಳನ್ನು ತಿಮ್ಮಯ್ಯ ಸಮುದ್ರದಲ್ಲೇ ಅಡ್ಡಗಟ್ಟುತ್ತಿದ್ದ. ಅವನನ್ನು ಬರೀ ಕಡಲ್ಗಳ್ಳ ಎಂದು ತಳ್ಳಿಹಾಕುವವರು ಈ ಲೆಕ್ಕ ಮರೆಯುತ್ತಾರೆ.

1498ರಲ್ಲಿ ವಾಸ್ಕೋ ಡ ಗಾಮಾ ಅಂಜುದೀವು ದ್ವೀಪದಲ್ಲಿ ತಂಗಿದ್ದಾಗ ತಿಮ್ಮಯ್ಯನ ದೋಣಿಗಳು ಸೊಪ್ಪುಸದೆ ಹೊದ್ದು, ತೇಲುವ ತೋಪಿನಂತೆ ಹತ್ತಿರ ಬಂದವಂತೆ. ಪೋರ್ಚುಗೀಸರು ಫಿರಂಗಿ ಹಾರಿಸಿ ಓಡಿಸಿದರು. 1505ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಅಲ್ಮೇಡಾ ಹೊನ್ನಾವರದ ಹಡಗುಗಳಿಗೆ ಬೆಂಕಿ ಇಟ್ಟ. ಆಮೇಲೆ ತಿಮ್ಮಯ್ಯ ರಾಜಿಗೆ ಬಂದ.

1510ರ ಆರಂಭದಲ್ಲಿ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಕೆಂಪುಸಮುದ್ರದ ಕಡೆ ಹೊರಟಿದ್ದ. ಬಿಜಾಪುರದ ಆಳ್ವಿಕೆ ಸಡಿಲವಾಗಿದೆ, ಗೋವೆ ಹಿಡಿಯಲು ಇದೇ ಸಮಯ ಎಂದು ಅವನನ್ನು ತಿರುಗಿಸಿದವನು ತಿಮ್ಮಯ್ಯ. ತನ್ನ ಹಡಗು, ಜನ ಎರಡನ್ನೂ ಕೊಟ್ಟ. ಗೋವೆ ಸಿಕ್ಕಿತು, ಮೇ ತಿಂಗಳಲ್ಲಿ ಕೈತಪ್ಪಿತು, ನವೆಂಬರ್ 25ರಂದು ಮತ್ತೆ ಸಿಕ್ಕಿತು.

ಗೋವೆಯನ್ನು ತನಗೇ ಬಿಟ್ಟುಕೊಟ್ಟಾರು, ಕಪ್ಪ ಕಟ್ಟಿ ಆಳಬಹುದು ಎಂಬುದು ತಿಮ್ಮಯ್ಯನ ಆಸೆ. ಸಿಕ್ಕಿದ್ದು ಸುತ್ತಲಿನ ಭೂಮಿಯ ಕಂದಾಯ ಎತ್ತುವ ಅಧಿಕಾರ, ಅದೂ ಉಳಿಯಲಿಲ್ಲ. ಬಿಜಾಪುರದ ಪಡೆಗೆ ಸೋತು ವಿಜಯನಗರಕ್ಕೆ ಹೋದ, ಅಲ್ಲೇ ತೀರಿಕೊಂಡ.

ಅವನನ್ನು ದ್ರೋಹಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಅವನ ಎಣಿಕೆ ತಪ್ಪಿತು. ಅದರ ಬೆಲೆ ತೆತ್ತದ್ದು ಅವನದೇ ಕರಾವಳಿ. ಕುದುರೆ ತರುವ ಹಡಗುಗಳೆಲ್ಲ ಗೋವೆಗೇ ಬರಬೇಕೆಂದು ಪೋರ್ಚುಗೀಸರು ಕಟ್ಟು ಮಾಡಿದರು. ಭಟ್ಕಳದ ಕುದುರೆ ವ್ಯಾಪಾರ ಸೊರಗಿತು. ಕುದುರೆಗಾಗಿ ಕೃಷ್ಣದೇವರಾಯನೂ ಗೋವೆಯವರೊಡನೆ ಮಾತಾಡಬೇಕಾಯಿತು.

ತಿಮ್ಮಯ್ಯ ಕರೆದು ತಂದವರು ಗೋವೆ ಬಿಟ್ಟದ್ದು 1961ರ ಡಿಸೆಂಬರ್ 19ರಂದು.