ಯಂತ್ರ ದುಡಿಯಲಿ, ಮೈಯೂ ಆಡಲಿ



ಚಿಕ್ಕಬಾಣಾವರದ ಸುತ್ತಿನವರಿಗೆ ಯಂತ್ರವು ಹೊಸ ನೆಂಟನಲ್ಲ. ಹೆಸರಘಟ್ಟದ ಕೆರೆಯ ನೀರನ್ನು ನಮ್ಮ ನೆರೆಯ ಸೋಲದೇವನಹಳ್ಳಿಯಲ್ಲಿ ಯಂತ್ರದಿಂದ ಎತ್ತಿ ಬೆಂಗಳೂರಿಗೆ ಕಳುಹಿಸುವ ಏರ್ಪಾಡು ೧೮೯೦ರ ದಶಕದಲ್ಲಿಯೇ ಆಯಿತು. ಇಂದಾದರೋ ಯಂತ್ರವು ಮನೆಯೊಳಗೇ ಬಂದಿದೆ. ಗುಂಡಿ ಒತ್ತಿದರೆ ಮೋಟಾರು ನೀರನ್ನು ಮಾಳಿಗೆಗೆ ಏರಿಸುತ್ತದೆ. ರಾಗಿಯನ್ನು ಗಿರಣಿ ಬೀಸುತ್ತದೆ. ಪೀಣ್ಯದ ಕಾರ್ಖಾನೆಗೆ ಸ್ಕೂಟರು ಒಯ್ಯುತ್ತದೆ. ಮೊಬೈಲಿನಲ್ಲಿ ಹೇಳಿದರೆ ಅಂಗಡಿಯ ಸಾಮಾನು ಬಾಗಿಲಿಗೇ ಬರುತ್ತದೆ.

ಇದನ್ನು ದೂರಬೇಕಾಗಿಲ್ಲ. ಕೋಳಿ ಕೂಗುವ ಮುಂಚೆ ಎದ್ದು ರಾಗಿ ಬೀಸಿ, ನೀರು ಸೇದಿ, ಕೊಡ ಹೊತ್ತು ಬಳಲಿದ ಹೆಂಗಸರ ಕಷ್ಟ ಮರಳಿ ಬರಬೇಕೆಂದು ಯಾರೂ ಬಯಸರು. ಆದರೆ ಒಂದು ಮಾತನ್ನು ಮರೆಯಬಾರದು. ಯಂತ್ರವು ನಮ್ಮ ಕೆಲಸವನ್ನು ಮಾಡಿಕೊಟ್ಟೀತು. ನಮ್ಮ ಮೈಗೆ ಬೇಕಾದ ಚಲನೆಯನ್ನು ಮಾಡಿಕೊಡಲಾರದು. ಕೆಲಸ ಕಡಿಮೆಯಾಯಿತು, ಮುದ್ದೆಯ ಗಾತ್ರ ಹಾಗೆಯೇ ಉಳಿಯಿತು. ಕೇಡು ಹುಟ್ಟುವುದು ಇಲ್ಲಿಯೇ.

ನಾವು ಉಂಡ ಅನ್ನ, ಮುದ್ದೆ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತವೆ. ಮಾಂಸಖಂಡಗಳು ದುಡಿದಾಗ ಆ ಸಕ್ಕರೆಯನ್ನು ಎಳೆದುಕೊಂಡು ಉರಿಸುತ್ತವೆ. ಸುಮ್ಮನೆ ಕುಳಿತರೆ ಅದು ಹೆಚ್ಚು ಹೊತ್ತು ರಕ್ತದಲ್ಲಿ ಉಳಿಯುತ್ತದೆ, ಮಿಕ್ಕದ್ದು ಕೊಬ್ಬಾಗುತ್ತದೆ. ನಡೆಯುವಾಗ ಮೀನಖಂಡಗಳು ಬಿಗಿದು ಸಡಿಲಿ, ಕಾಲಿನ ರಕ್ತವನ್ನು ಮೇಲಕ್ಕೆ ಒತ್ತುತ್ತವೆ. ಯಂತ್ರದ ಮುಂದೆ ದಿನವೆಲ್ಲಾ ನಿಲ್ಲುವವರು “ನಮಗೆ ಈ ಮಾತು ಸಲ್ಲದು” ಎನ್ನಬಹುದು. ಒಂದೇ ಕಡೆ ನಿಂತರೆ ಅದು ನಡಿಗೆಯಾಗುವುದಿಲ್ಲ. ಕಾಲು ಊದುವುದು ಇದರಿಂದಲೇ.

ಲಂಡನ್ ನಗರದ ಬಸ್ಸುಗಳ ನೌಕರರನ್ನು ಜೆರಿ ಮಾರಿಸ್ ಎಂಬ ವೈದ್ಯರು ಪರಿಶೀಲಿಸಿ ೧೯೫೩ರಲ್ಲಿ ವರದಿ ಪ್ರಕಟಿಸಿದರು. ಡ್ರೈವರು ಕುಳಿತೇ ಇರುತ್ತಿದ್ದನು; ಕಂಡಕ್ಟರು ಎರಡು ಅಂತಸ್ತಿನ ಬಸ್ಸಿನಲ್ಲಿ ದಿನವೆಲ್ಲಾ ಮೆಟ್ಟಿಲು ಹತ್ತಿ ಇಳಿಯುತ್ತಿದ್ದನು. ಹೃದಯದ ಕಾಯಿಲೆ ಡ್ರೈವರುಗಳಲ್ಲಿಯೇ ಹೆಚ್ಚಾಗಿ ಕಂಡಿತು.

ನಮ್ಮ ದೇಶದಲ್ಲಿ ಸುಮಾರು ೧೦ ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ೨೦೨೩ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜು ಮಾಡಿತು. ಹಳ್ಳಿಗಳಿಗಿಂತ ಪಟ್ಟಣಗಳಲ್ಲಿ ಇದು ಹೆಚ್ಚು. ಹಳ್ಳಿಯಾಗಿದ್ದ ನಮ್ಮೂರು ಇಂದು ಪಟ್ಟಣದೊಂದಿಗೆ ಬೆರೆತಿರುವುದರಿಂದ ನಾವು ಎಚ್ಚರವಾಗಿರತಕ್ಕದ್ದು. ಈ ಕಾಯಿಲೆಯಾಗಲಿ, ರಕ್ತದೊತ್ತಡವಾಗಲಿ ಮೊದಮೊದಲು ನೋವು ಕೊಡುವುದಿಲ್ಲ. ಗೊತ್ತಾಗುವ ವೇಳೆಗೆ ಕಣ್ಣು, ಮೂತ್ರಪಿಂಡ, ಹೃದಯಗಳಿಗೆ ಪೆಟ್ಟು ಬಿದ್ದಿರಬಹುದು.

ಹಾಗಾದರೆ ಮಾಡಬೇಕಾದದ್ದೇನು?

೧. ವಾರಕ್ಕೆ ಕಡಿಮೆಯೆಂದರೆ ೧೫೦ ನಿಮಿಷ ಚುರುಕಾಗಿ ನಡೆಯಿರಿ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನವಾದರೆ ಲೆಕ್ಕ ತುಂಬಿತು. ಮಾತನಾಡಲು ಉಸಿರಿರಬೇಕು, ಹಾಡಲು ಸಾಲದಿರಬೇಕು. ವೇಗಕ್ಕೆ ಇದೇ ಅಳತೆ.

೨. ರೈಲು ನಿಲ್ದಾಣಕ್ಕೂ ಹತ್ತಿರದ ಅಂಗಡಿಗೂ ವಾಹನ ಬೇಡ. ಬಸ್ಸನ್ನು ಒಂದು ನಿಲ್ದಾಣ ಮುಂಚೆಯೇ ಇಳಿಯಿರಿ.

೩. ಕುಳಿತು ಮಾಡುವ ಕೆಲಸವಾದರೆ ಗಂಟೆಗೊಮ್ಮೆ ಎದ್ದು ಓಡಾಡಿ. ನಿಂತು ಮಾಡುವವರು ಬಿಡುವಿನಲ್ಲಿ ನಾಲ್ಕು ಹೆಜ್ಜೆ ಹಾಕಿ.

೪. ವಾರಕ್ಕೆ ಎರಡು ದಿನ ಬಸ್ಕಿ, ಭಾರ ಎತ್ತುವುದು, ಗುದ್ದಲಿ ಕೆಲಸ, ಇಂಥ ಯಾವುದಾದರೂ ಬಲದ ಕೆಲಸವಿರಲಿ.

೫. ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಓಟ, ಆಟ ಬೇಕು. ಮೊಬೈಲನ್ನು ಒಳಗಿಟ್ಟು ಕಬಡ್ಡಿ, ಕುಂಟೆಬಿಲ್ಲೆಗೆ ಕಳುಹಿಸಿ.

೬. ಮೂವತ್ತು ದಾಟಿದವರು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯನ್ನು ಉಚಿತವಾಗಿ ಪರೀಕ್ಷಿಸಿಕೊಳ್ಳಬಹುದು. ನಡೆದಾಗ ಎದೆನೋವು ಬರುವವರು ವೈದ್ಯರನ್ನು ಕೇಳಿಯೇ ವ್ಯಾಯಾಮ ಆರಂಭಿಸತಕ್ಕದ್ದು.

ಊಟ ಬಲ್ಲವನಿಗೆ ರೋಗವಿಲ್ಲ ಎಂದರು ಹಿರಿಯರು. ಅವರ ಕಾಲದಲ್ಲಿ ದುಡಿಮೆ ತಾನಾಗಿಯೇ ಒದಗುತ್ತಿತ್ತು. ನಮಗೆ ಅದನ್ನು ಹುಡುಕಿಕೊಳ್ಳಬೇಕಾಗಿದೆ. ಯಂತ್ರವು ದಿನವೂ ನಿಮಗೆ ಹಲವು ಗಂಟೆ ಉಳಿಸಿಕೊಡುತ್ತಿದೆ. ಅದರಲ್ಲಿ ಅರ್ಧ ಗಂಟೆಯನ್ನು ನಿಮ್ಮ ಮೈಗೆ ಹಿಂದಿರುಗಿಸಿ.