ದಾದಿಯ ಸರ್ಟಿಫಿಕೇಟು: ಮುಂಬಯಿಯ ರೈಲು ಹತ್ತುವ ಮುನ್ನ

ಫೋರ್ಟಿನ ಬೋರಾಬಜಾರಿನ ಹೋಟೇಲೊಂದರಲ್ಲಿ ಗಲ್ಲೆಯ ಮೇಲೆ ಕುಳಿತುಕೊಳ್ಳುವ ನಮ್ಮ ಮಿತ್ರರೊಬ್ಬರು ತಮ್ಮ ತಂಗಿಯ ಮಗಳನ್ನು ಊರಿನಿಂದ ಕರೆಯಿಸಿಕೊಂಡರು. ಮೂರು ವರ್ಷ ದಾದಿಯ ವಿದ್ಯೆ ಕಲಿತು, ಬೆಂಗಳೂರಿನ ಪರಿಷತ್ತಿನಲ್ಲಿ ಹೆಸರು ದಾಖಲಿಸಿಕೊಂಡ ಹುಡುಗಿ. ಸೇಂಟ್ ಜಾರ್ಜ್, ಕಾಮಾ, ಜಿ.ಟಿ. ಎಂದು ಸುತ್ತಲೂ ಆಸ್ಪತ್ರೆಗಳಿರುವಾಗ ಕೆಲಸಕ್ಕೇನು ಬರ ಎಂದು ಮಿತ್ರರ ಎಣಿಕೆ. ಆದರೆ ಉಪನಗರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಅವಳಿಗೆ ಎದುರಾದ ಮೊದಲ ಪ್ರಶ್ನೆ, “ಮಹಾರಾಷ್ಟ್ರದ ರಿಜಿಸ್ಟ್ರೇಶನ್ ಎಲ್ಲಿ?” ಎಂಬುದು.

“ಮಾವ, ಹಾಗಾದರೆ ನಾನು ಪಾಸಾದದ್ದು ಇಲ್ಲಿ ಲೆಕ್ಕಕ್ಕಿಲ್ಲವೇ?” ಎಂದು ಅವಳು ಅಂದು ರಾತ್ರಿ ಕೇಳಿದಳಂತೆ.

ಲೆಕ್ಕಕ್ಕುಂಟು. ಆದರೆ ಪಾಸಾಗುವುದು ಬೇರೆ, ಆಯಾ ರಾಜ್ಯದ ಯಾದಿಯಲ್ಲಿ ಹೆಸರು ಏರುವುದು ಬೇರೆ. ನಮ್ಮ ದೇಶದಲ್ಲಿ ದಾದಿಯರ ಯಾದಿ ಪ್ರಾಂತಕ್ಕೊಂದರಂತೆ ಹುಟ್ಟಿತು. ಮದರಾಸು 1926ರಲ್ಲಿಯೂ ಮುಂಬಯಿ 1935ರಲ್ಲಿಯೂ ಕಾಯಿದೆ ಮಾಡಿದವು. ಆಗ ಮಂಗಳೂರು, ಉಡುಪಿಗಳು ಮದರಾಸಿಗೆ ಸೇರಿದ್ದವು. ಧಾರವಾಡ, ಬಿಜಾಪುರಗಳು ಮುಂಬಯಿಗೆ. 1956ರ ನವೆಂಬರ್ 1ರಂದು ಈ ಸೀಮೆಗಳೆಲ್ಲ ಮೈಸೂರು ರಾಜ್ಯಕ್ಕೆ ಬಂದವು. ಧಾರವಾಡದ ದಾದಿ ಕುಳಿತಲ್ಲಿಯೇ ಕುಳಿತಿರಲು ಗಡಿಯೇ ಅವಳನ್ನು ದಾಟಿ ಹೋಯಿತೆನ್ನಬೇಕು! ಮೈಸೂರು 1961ರಲ್ಲಿ, ಮಹಾರಾಷ್ಟ್ರ 1966ರಲ್ಲಿ ತಮ್ಮ ತಮ್ಮ ಕಾಯಿದೆಗಳನ್ನು ಮಾಡಿಕೊಂಡವು.

ಇವೆಲ್ಲಕ್ಕೂ ಸೇತುವೆಯಾಗಿ ಬಂದುದು 1947ರ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯಿದೆ. ಮಾನ್ಯತೆ ಪಡೆದ ಅರ್ಹತೆಯೊಂದಿದ್ದರೆ ಯಾವ ರಾಜ್ಯದ ಯಾದಿಗಾದರೂ ಅದು ಸಾಕು ಎಂಬ ತತ್ತ್ವವನ್ನು ಅದು ಹಾಕಿಕೊಟ್ಟಿತು. ಆದುದರಿಂದ ಪರೀಕ್ಷೆಗೆ ಪುನಃ ಕೂಡಬೇಕಾಗಿಲ್ಲ. ಅರ್ಜಿಯನ್ನು ಮಾತ್ರ ಹಾಕಲೇಬೇಕು. ಸಾಮಾನ್ಯವಾಗಿ ಬೆಂಗಳೂರಿನ ಪರಿಷತ್ತು ಆಕ್ಷೇಪಣೆಯಿಲ್ಲವೆಂಬ ಪತ್ರವನ್ನು ಕೊಟ್ಟು, ದಾಖಲೆ ನಿಜವೆಂದು ಮುಂಬಯಿಯ ಪರಿಷತ್ತಿಗೆ ದೃಢಪಡಿಸಬೇಕಾಗುತ್ತದೆ. ನವೀಕರಣದ ಅವಧಿ ಮೀರಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳತಕ್ಕದ್ದು. ಊರಿನಲ್ಲಿರುವಾಗಲೇ ಮುಗಿಸಬೇಕಾದ ಕೆಲಸವಿದು.

ನಮ್ಮವರನ್ನು ಹೆಚ್ಚಾಗಿ ಕಾಡುವುದು ಹೆಸರು. ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್ ಚೀಟಿಯಲ್ಲಿ ತಂದೆಯ ಪೂರ್ಣ ಹೆಸರು, ಮದುವೆಯ ಬಳಿಕ ಗಂಡನ ಅಡ್ಡಹೆಸರು! ಮೂರು ಕಾಗದಗಳಲ್ಲಿ ಮೂವರು ಹೆಂಗಸರು ಕಂಡರೆ ಗುಮಾಸ್ತನು ಅರ್ಜಿಯನ್ನು ಬದಿಗಿಡುವುದು ಸಹಜ. ಆತನ ಸ್ಥಾನದಲ್ಲಿ ಕುಳಿತ ವಾಚಕರು ನಮ್ಮಲ್ಲಿ ಹಲವರಿದ್ದಾರೆ. ಅವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮೇಲೆ ಹೇಳಿದುದು ಎ.ಎನ್.ಎಂ., ಜಿ.ಎನ್.ಎಂ., ಬಿ.ಎಸ್‌ಸಿ. ನರ್ಸಿಂಗ್ ಓದಿದವರ ಮಾತು. ಆರು ತಿಂಗಳ ‘ನರ್ಸಿಂಗ್ ಅಸಿಸ್ಟೆಂಟ್’ ಸರ್ಟಿಫಿಕೇಟಿನ ಸಂಗತಿ ಬೇರೆ. ಅದರವರ ಹೆಸರು ಪರಿಷತ್ತಿನ ದಾದಿಯರ ಯಾದಿಯಲ್ಲಿ ಕರ್ನಾಟಕದಲ್ಲಿಯೂ ಏರುವುದಿಲ್ಲ. ಇಲ್ಲದ ದಾಖಲೆಯನ್ನು ವರ್ಗಾಯಿಸುವುದೆಂತು? ರೋಗಿಗಳ ಆರೈಕೆಗೆ ಸಹಾಯಕರಾಗಿ ಅವರನ್ನು ಆಸ್ಪತ್ರೆಯವರು ತಮ್ಮ ವಿವೇಚನೆಯಂತೆ ಇಟ್ಟುಕೊಳ್ಳಬಹುದು. ಅದು ಗೌರವದ ದುಡಿಮೆಯೇ. ಆದರೆ “ಹಣ ಕೊಡಿ, ಮಹಾರಾಷ್ಟ್ರಕ್ಕೆ ಟ್ರಾನ್ಸ್‌ಫರ್ ಮಾಡಿಸುತ್ತೇನೆ” ಎನ್ನುವವನಿಗೆ ಒಂದು ಕಾಸನ್ನೂ ಕೊಡಲಾಗದು. ತಿಂಗಳ ಸಂಬಳದಲ್ಲಿ ಉಳಿಸಿ ತಂಗಿಯ ಶುಲ್ಕ ಕಟ್ಟುವ ಅಣ್ಣಂದಿರು, ಈ ಕಲಿಕೆಗೆ ಪರಿಷತ್ತಿನ ಮಾನ್ಯತೆಯುಂಟೇ ಎಂದು ಸೇರಿಸುವ ಮೊದಲೇ ಕೇಳಲಿ.

ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯಿದೆಯನ್ನು ಅಂಗೀಕರಿಸಿ, 1947ರ ವ್ಯವಸ್ಥೆಯ ಸ್ಥಾನದಲ್ಲಿ ಹೊಸ ಆಯೋಗವನ್ನೂ ರಾಷ್ಟ್ರೀಯ ಯಾದಿಯನ್ನೂ ಕಲ್ಪಿಸಿತು. ಅದನ್ನು ನಂಬಿ ಕಾಗದಪತ್ರವಿಲ್ಲದೆ ಹೊರಡುವುದು ಜಾಣತನವಲ್ಲ.

ಮಿತ್ರರ ಸೊಸೆ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಮರಳಿ ಅರ್ಜಿ ಹಾಕಿ ಬಂದಳು. ಕಾಗದಗಳು ಕೈಸೇರುವಷ್ಟರಲ್ಲಿ ಮಳೆಗಾಲ ಕಳೆದಿತ್ತು. ಈಗ ಅವಳಿಗೆ ರಾತ್ರಿಪಾಳಿ. ಬೆಳಿಗ್ಗೆ ಮಾವನ ಹೋಟೇಲಿನಲ್ಲಿ ಚಹಾ ಕುಡಿದು ಮನೆಗೆ ಹೋಗುತ್ತಾಳೆ.